ನಾಲ್ಕು ಡಿಗ್ರಿ ಮುಂದಕ್ಕೆ

ಮುಂದಕ್ಕೆ ಅಂದರೆ ಯಾವ ಕಡೆಗೆ?

ಮೈಸೂರಿನವರು ಅಂದದ್ದು 'ಮುಂದಕ್ಕೆ' ಎಂದೇ. ಅದರಲ್ಲಿ ಅನುಮಾನವಿಲ್ಲ, ಫೋನಿನಲ್ಲಿ ಎರಡು ಸಲ ಕೇಳಿಸಿಕೊಂಡಿದ್ದ. ಅನುಮಾನವಿದ್ದದ್ದು ಆ ಪದ ಮುಖ ಮಾಡಿ ನಿಂತ ದಿಕ್ಕಿನ ಬಗ್ಗೆ. ಬಸ್ಸು ಹತ್ತು ನಿಮಿಷ ಮುಂದ ಬಂತು ಅಂದರೆ ಬೇಗ ಬಂತು. ಮದುವೆ ಮುಂದಕ್ಕ ಹೋತು ಅಂದರೆ ತಡವಾಯಿತು. ಮುಂಚೆ ಅಂದರೆ ಆಗಿಹೋದದ್ದು, ಮುಂದೆ ಅಂದರೆ ಇನ್ನು ಆಗಬೇಕಾದದ್ದು. ಎರಡಕ್ಕೂ ಬೇರು ಒಂದೇ. ಇಪ್ಪತ್ತೇಳು ವರ್ಷ ಇದೇ ಭಾಷೆ ಆಡಿಕೊಂಡು ಬಂದವನಿಗೆ ಇದು ಇವತ್ತೇ ಹೊಳೆಯಬೇಕೆ?

ಭೀಮರಾಜ ಕೊಟ್ಟೂರಿನ ಕಾಲೇಜಿನ ನೋಟಿಸ್ ಬೋರ್ಡಿನ ಎದುರು ನಿಂತಿದ್ದ. ಅಲ್ಲಿ ವಿಶ್ವವಿದ್ಯಾಲಯದ ಸುತ್ತೋಲೆ ಹಚ್ಚಿದ್ದರು: ಬಿ.ಎಸ್ಸಿ. ಮೊದಲ ವರ್ಷದ ಪರೀಕ್ಷೆಗಳನ್ನು ಹತ್ತು ದಿನ ಮುಂದಕ್ಕೆ ಹಾಕಲಾಗಿದೆ. ಹುಡುಗರು ಅದನ್ನು ಓದಿ ಒಬ್ಬರ ಬೆನ್ನಿಗೊಬ್ಬರು ಗುದ್ದುತ್ತ ಕ್ಯಾಂಟೀನಿನ ಕಡೆ ಹೋದರು. ಹತ್ತು ದಿನ ಮೊದಲೋ ಆಮೇಲೋ ಎಂದು ಒಬ್ಬನೂ ಕೇಳಲಿಲ್ಲ. ಈ ಕಾಲೇಜಿನಲ್ಲಿ ಭೌತಶಾಸ್ತ್ರ ಎಂದರೆ ಬೆವರುವ ಹುಡುಗರು ಅವರು. ಅವರಿಗೆ ಒಂದು ಕ್ಷಣವೂ ಹಿಡಿಯದ ಅರ್ಥ ಅವರ ಮೇಷ್ಟ್ರಿಗೆ ಸಿಕ್ಕಲು ಹದಿನಾರು ತಾಸು ಬೇಕಾಗಿತ್ತು.

ಹಿಂದಿನ ದಿನ ಸಂಜೆ ನಡೆದದ್ದು ಇಷ್ಟು.

ಹರಪನಹಳ್ಳಿ ರಸ್ತೆಯ ದುರುಗಪ್ಪನ ಗ್ಯಾರೇಜಿಗೆ ಹಗರಿಬೊಮ್ಮನಹಳ್ಳಿಯ ಹುಲುಗೇಶ ಒಂದು ಎಸ್ಟೀಮ್ ಕಾರು ತಂದಿದ್ದ. ಹುಲುಗೇಶನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ಕಾರು ಸೆಕೆಂಡ್ ಹ್ಯಾಂಡು. ಮೊದಲು ಯಾವನೋ ರೇಸಿನವನ ಕೈಯಲ್ಲಿತ್ತು, ಅವನು ಮೈಸೂರಿನ ಒಬ್ಬರಿಂದ ಅದಕ್ಕೆ ಟರ್ಬೊ ಹಾಕಿಸಿದ್ದ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ ಇಂಜಿನ್ನಿನ ಹೊಟ್ಟೆಗೆ ಹೆಚ್ಚು ಗಾಳಿ ತುರುಕುವ ಯಂತ್ರ ಅದು. ಮಾರುವ ಮೊದಲು ಯಾರೋ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ, ಸಾದಾ ಗಾಡಿಗೆ ಕೂರಿಸುವ ಹಾಗೆ ಕೂರಿಸಿದ್ದರು. ಟರ್ಬೊಗೆ ತಕ್ಕಂತೆ ಟೈಮಿಂಗ್, ಅಂದರೆ ಕಿಡಿ ಹತ್ತುವ ಹೊತ್ತು, ಹೊಂದಿಸಬೇಕಿತ್ತು.

ದುರುಗಪ್ಪ ಮೂವತ್ತು ವರ್ಷ ಜೀಪು, ಅಂಬಾಸಡರು, ಟೆಂಪೊಗಳ ಟೈಮಿಂಗ್ ಕಿವಿಯಿಂದ ಕಟ್ಟಿದವನು. ಎಡಗೈಯಲ್ಲಿ ಡಿಸ್ಟ್ರಿಬ್ಯೂಟರ್ ಹಿಡಿದು, ತಲೆ ಬಾಗಿಸಿ, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ತಿರುಗಿಸಿ "ಇಲ್ಲಿ ಐತಿ ನೋಡು" ಅನ್ನುತ್ತಿದ್ದ. ಕಿಡಿ ಬೇಗ ಹತ್ತುವುದಕ್ಕೆ ಅವನ ಗ್ಯಾರೇಜಿನಲ್ಲಿ 'ಮುಂದ' ಎಂದು ಹೆಸರು, ತಡವಾಗಿ ಹತ್ತುವುದಕ್ಕೆ 'ಹಿಂದ'. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಎಲ್ಲ ಕಡೆಯ ಮೆಕ್ಯಾನಿಕರಿಗೂ ಹಾಗೆಯೇ. ಆದರೆ ಟರ್ಬೊ ಅವನು ಮುಟ್ಟಿರಲಿಲ್ಲ. ಅದಕ್ಕೇ ಭೀಮರಾಜನನ್ನು ಕರೆಸಿದ್ದ.

ಇಬ್ಬರೂ ಕೂಡ್ಲಿಗಿಯ ಒಂದೇ ಓಣಿಯವರು. ಭೀಮರಾಜ ಸಣ್ಣವನಿದ್ದಾಗ ದುರುಗಪ್ಪನಿಗೆ ಅವನು "ಲೇ ಭೀಮ್ಯಾ". ಎಂ.ಎಸ್ಸಿ. ಮುಗಿಸಿ ಕೊಟ್ಟೂರಿಗೆ ಅತಿಥಿ ಉಪನ್ಯಾಸಕನಾಗಿ ಬಂದ ದಿನದಿಂದ "ಸರ" ಆದ. ಬ್ಯಾಡ ಮಾವ ಎಂದು ಭೀಮರಾಜ ಒಮ್ಮೆ ಹೇಳಿದ್ದ. ಎರಡನೆಯ ಸಲ ಹೇಳಿರಲಿಲ್ಲ.

ಪಕ್ಕದ ಎಸ್.ಟಿ.ಡಿ. ಬೂತಿನಿಂದ ಟರ್ಬೊ ಕೂರಿಸಿದ್ದ ಮೈಸೂರಿನವರಿಗೆ ಫೋನು ಹಚ್ಚಿದ್ದು ಭೀಮರಾಜನೇ. ಆ ಕಡೆಯವರು ಆತುರದಲ್ಲಿದ್ದರು, ಈ ಕಡೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಬೂಸ್ಟ್ ಬರೋ ಗಾಡಿ ಸಾರ್. ಟೈಮಿಂಗ್ ಈಗಿರೋದಕ್ಕಿಂತ ನಾಲ್ಕು ಡಿಗ್ರಿ ಮುಂದಕ್ಕೆ ಹಾಕ್ಕೊಳ್ಳಿ."

"ನಾಲ್ಕು ಡಿಗ್ರಿ ಮುಂದಕ್ಕೆ."

"ಹೂಂ, ಮುಂದಕ್ಕೆ. ಆಮೇಲೂ ನಾಕ್ ಕೇಳಿಸಿದ್ರೆ ಇನ್ನೆರಡು ಹಾಕಿ. ಗೊತ್ತಾಯ್ತಲ್ಲ?"

ಗೊತ್ತಾಯಿತು ಎಂದು ಭೀಮರಾಜ ಫೋನಿಟ್ಟ.

ಗ್ಯಾರೇಜಿಗೆ ಬಂದು ಹೇಳಿದಾಗ ದುರುಗಪ್ಪ ಕೈಯೊರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಮುಂದ ಏನ್ರಿ ಸರ? ಗಾಳಿ ತುರುಕೋ ಗಾಡಿಗೆ ಹಿಂದ ಇರಬೇಕಲ್ಲ?"

"ಅವರು ಮುಂದಕ್ಕ ಅಂದ್ರು ಮಾವ. ಇಂಥಾವು ನೂರು ಗಾಡಿ ಮಾಡ್ಯಾರ ಅವರು."

"ಹಂಗಾರ ಆತು. ಓದಿದವ್ರು ನೀವು ನೀವು ಮಾತಾಡೀರಿ."

ಆಮೇಲೆ ಭೀಮರಾಜ ಕಂಪಾಸ್ ಬಾಕ್ಸಿನ ಕೋನಮಾಪಕ ತೆಗೆದಿದ್ದ. ಇಂಜಿನ್ನಿನ ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರು ಒಂದೇ ಸುತ್ತು. ಆದ್ದರಿಂದ ನಾಲ್ಕು ಡಿಗ್ರಿ ಬೇಕೆಂದರೆ ಇಲ್ಲಿ ತಿರುಗಿಸಬೇಕಾದದ್ದು ಎರಡೇ ಎಂದು ವಿವರಿಸಿದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ದುರುಗಪ್ಪ ಗೆರೆಗೆ ಗೆರೆ ಕೂಡಿಸಿ ಬೋಲ್ಟು ಬಿಗಿದ. ಪ್ರಮಾಣದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಹುಲುಗೇಶ ಊರೊಳಗೆ ಒಂದು ಸುತ್ತು ಹೊಡೆದು ಬಂದು "ಹುಲಿ ಆಗೇತ್ರಿ ಸರ" ಅಂದ. ಅದೂ ಸುಳ್ಳಲ್ಲ. ಕಿಡಿ ಬೇಗ ಹತ್ತಿದರೆ ನಿಧಾನದ ಓಟದಲ್ಲಿ ಗಾಡಿ ಚುರುಕಾಗುತ್ತದೆ. ಕೇಡು ಕಾಣುವುದು ಕಾಲು ಪೂರಾ ಒತ್ತಿ ಟರ್ಬೊ ಎದ್ದಾಗ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹತ್ತಿ, ಒತ್ತಡ ಮಿತಿಮೀರಿ, ಉರಿಯದೆ ಉಳಿದ ಗಾಳಿ ಪೆಟ್ರೋಲು ತನ್ನಷ್ಟಕ್ಕೆ ತಾನೇ ಸಿಡಿದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಅದೇ ನಾಕ್. ಗಾಳಿ ಹೆಚ್ಚು ತುಂಬಿದಷ್ಟೂ ಕಿಡಿ ತಡವಾಗಬೇಕು. ಇದನ್ನು ಭೀಮರಾಜ ಹೋದ ತಿಂಗಳಷ್ಟೇ ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದ. ಹಲಗೆಯ ಮೇಲಿನ ಇಂಜಿನ್ನಿಗೂ ಹುಲುಗೇಶನ ಕಾರಿಗೂ ಸಂಬಂಧ ಇರಬಹುದೆಂದು ನಿನ್ನೆ ತೋರಿರಲಿಲ್ಲ.

ನೋಟಿಸ್ ಬೋರ್ಡಿನ ಎದುರು ಅವನನ್ನು ಹೆಚ್ಚು ಕಾಡಿದ್ದು 'ಇನ್ನೆರಡು ಹಾಕಿ' ಎಂಬ ಮಾತು. ನಾಕ್ ಕೇಳಿಸಿದರೆ ಇನ್ನೆರಡು ಡಿಗ್ರಿ ಬೇಗ ಮಾಡು ಎಂದು ಯಾವ ಹುಚ್ಚನೂ ಹೇಳುವುದಿಲ್ಲ. ಅವರ 'ಮುಂದಕ್ಕೆ' ಈ ಸುತ್ತೋಲೆಯ 'ಮುಂದಕ್ಕೆ': ತಡ ಮಾಡಿ ಎಂದು. 'ಇನ್ನೆರಡು' ಎಂಬ ಮಾತು ನಿನ್ನೆಯೇ ಅವನಿಗೆ ಎಲ್ಲೂ ಹೊಂದದೆ ಕಂಡಿತ್ತು. ಹೊಂದದ ಕಾರಣ ಅದನ್ನು ದುರುಗಪ್ಪನಿಗೆ ಹೇಳದೆ ಬಿಟ್ಟಿದ್ದ.

ಇವತ್ತು ಹುಲುಗೇಶ ಹಡಗಲಿಗೆ ಹೊರಡುವವನಿದ್ದ. ಭೀಮರಾಜ ಪಾಠ ಬಿಟ್ಟು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ. ಮಾವ, ನನ್ನಿಂದ ತಪ್ಪಾಗೈತಿ. ಇಷ್ಟು ಸಾಕು. ಆಮೇಲೆ ಇನ್ನೂ ಚಿಕ್ಕದು ಹೊಳೆಯಿತು: ಮಾವ, ಹಿಂದ ತಿರುಗಿಸು.

ಗ್ಯಾರೇಜಿನಲ್ಲಿ ಜನ ಇದ್ದರು. ಕಾರಿನ ಬಾನೆಟ್ ಎತ್ತಿತ್ತು. ಹುಲುಗೇಶ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿಗೆ ಎಣ್ಣೆ ತಾಗದಂತೆ ಎರಡು ಮಾರು ದೂರ ನಿಂತಿದ್ದ. ದುರುಗಪ್ಪನ ಹೆಂಡತಿ ಸುಂಕಮ್ಮ ಪಕ್ಕದ ತನ್ನ ಮಂಡಕ್ಕಿ ಮಿರ್ಚಿ ಅಂಗಡಿಯಿಂದ ಚಾ ತಂದಿದ್ದಳು.

"ಬರ್ರಿ ಸರ, ನಿಮ್ಮ ಸುದ್ದಿನ ನಡದಿತ್ತು" ಎಂದ ಹುಲುಗೇಶ. "ಈ ಸೀಮ್ಯಾಗ ಕೋನಮಾಪಕ ಇಟ್ಟು ಟೈಮಿಂಗ್ ಕಟ್ಟಿದ ಗಾಡಿ ನಂದೊಂದ."

"ನಮ್ಮ ಓಣಿ ಹುಡುಗ" ಎಂದ ದುರುಗಪ್ಪ. ನಿಂತಿದ್ದವರ ಕಡೆ ತಿರುಗಿ ಮತ್ತೆ ಹೇಳಿದ, "ಸರ ನಮ್ಮ ಓಣಿಯವ್ರು."

ಭೀಮರಾಜ ಬಾನೆಟ್ಟಿನೊಳಗೆ ಬಗ್ಗಿದ. ಸೀಮೆಸುಣ್ಣದ ಗೆರೆ ಹಾಗೆಯೇ ಇತ್ತು. "ಮಾವ, ಸ್ವಲ್ಪ ಹಿಂದಕ್ಕ ಹಾಕಿ ನೋಡೋಣೇನು?" ಎಂದ.

"ಯಾಕ್ರಿ ಸರ?"

"ಸುಮ್ನ. ಹೆಂಗ ಆಕ್ಕೈತಿ ನೋಡಾಕ."

"ನಿನ್ನಿ ಮುಂದ ಅಂದ್ರಿ."

"ಸರ, ಪಾಠ ಬದಲಾತೇನು?" ಎಂದು ಹುಲುಗೇಶ ನಕ್ಕ. ಉಳಿದವರೂ ನಕ್ಕರು. ಆ ನಗೆಯಲ್ಲಿ ವ್ಯಂಗ್ಯವಿರಲಿಲ್ಲ, ಸಲಿಗೆಯಿತ್ತು. ಭೀಮರಾಜನಿಗೆ ಎರಡರ ಅಂತರ ಗೊತ್ತಿತ್ತು. ಆದರೂ ಜೋಡಿಸಿಕೊಂಡು ಬಂದಿದ್ದ ವಾಕ್ಯ ಬಾಯಿಗೆ ಬರಲಿಲ್ಲ.

"ಇಲ್ಲ, ಒಂದು ಸುತ್ತು ಹೋಗಿ ಬರೋಣ. ಕೇಳಿ ನೋಡೋಣ" ಎಂದ.

ಕೂಡ್ಲಿಗಿ ರಸ್ತೆಯ ಏರಿಗೆ ಹೋದರು. ಹುಲುಗೇಶ ಸ್ಟೀರಿಂಗಿಗೆ, ಭೀಮರಾಜ ಪಕ್ಕಕ್ಕೆ, ದುರುಗಪ್ಪ ಹಿಂದೆ ನಡುವೆ, ಎರಡೂ ಸೀಟಿನ ಸಂದಿಯಿಂದ ತಲೆ ಮುಂದೆ ಚಾಚಿ. ಏರಿನ ಬುಡದಲ್ಲಿ ಹುಲುಗೇಶ ಮೂರನೇ ಗೇರಿನಲ್ಲಿ ಕಾಲು ಒತ್ತಿದ. ಮೊದಲು ಟರ್ಬೊದ ಶಿಳ್ಳೆ ಎದ್ದಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಆಮೇಲೆ, ಶಿಳ್ಳೆಯ ಅಡಿಯಲ್ಲಿ, ತಗಡಿನ ಡಬ್ಬಿಯೊಳಗೆ ಗಜ್ಜುಗ ಹಾಕಿ ಅಲುಗಿಸಿದಂತೆ ಒಂದು ಸದ್ದು. ಕಾಲು ಎತ್ತಿದೊಡನೆ ನಿಂತಿತು.

"ಹೊಡಿತೈತಿ" ಎಂದ ದುರುಗಪ್ಪ.

"ಏನು?" ಎಂದ ಹುಲುಗೇಶ.

"ನಾಕ್ ಹೊಡಿತೈತಿ. ಗಜ್ಜುಗದ ಸದ್ದು ಕೇಳಲಿಲ್ಲೇನು?"

"ನನಗೇನೂ ಕೇಳಲಿಲ್ಲಪ್ಪ. ಶಿಳ್ಳೆ ಕೇಳ್ತು." ಹುಲುಗೇಶ ಭೀಮರಾಜನ ಮುಖ ನೋಡಿದ. "ಸರ?"

ರಸ್ತೆಯ ಮೇಲೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಅದನ್ನು ದಾಟುವವರೆಗೂ ಭೀಮರಾಜ ಅದರ ಕಡೆಗೇ ನೋಡಿದ. ಅವನ ಲೆಕ್ಕ ಹೀಗಿತ್ತು: ಈಗ ಏನೋ ಒಂದು ಹೇಳಿ ಮುಗಿಸುವುದು. ಗ್ಯಾರೇಜಿಗೆ ಹೋಗಿ ಹುಲುಗೇಶ ಚಾ ಕುಡಿಯುವಾಗ ಮಾವನನ್ನು ಬದಿಗೆ ಕರೆದು ಗೆರೆ ಬದಲಿಸಲು ಹೇಳುವುದು. ಇಬ್ಬರಲ್ಲೇ ಮುಗಿಯುವ ಮಾತು ಅದು.

"ಅದು ಟರ್ಬೊದ ಸದ್ದು" ಎಂದ. "ಹೆಚ್ಚಾದ ಗಾಳಿ ಬಿಡೋ ಮುಚ್ಚಳ ಇರ್ತದ, ಅದು ಬಡಕೊಳ್ಳತದ."

"ಹೌದೇನ್ರಿ?"

"ಹೂಂ ಮಾವ. ಈ ಗಾಡಿಗೆ ಅದು ಇರೋದ."

ದುರುಗಪ್ಪ ತಲೆ ಹಿಂದಕ್ಕೆ ಎಳೆದುಕೊಂಡ. ಹುಲುಗೇಶ ಇನ್ನೊಮ್ಮೆ ಕಾಲು ಒತ್ತಿದ. ಗಜ್ಜುಗ ಇನ್ನೊಮ್ಮೆ ಅಲುಗಿತು. ಈ ಸಲ ದುರುಗಪ್ಪ ಕಿಟಕಿಯ ಹೊರಗೆ ನೋಡಿದ.

ಗ್ಯಾರೇಜಿನ ಎದುರು ಇಬ್ಬರನ್ನೂ ಇಳಿಸಿದ ಹುಲುಗೇಶ ಇಂಜಿನ್ ಬಂದ್ ಮಾಡಲೇ ಇಲ್ಲ. "ಬೀಗರು ಊಟಕ್ಕ ಕಾಯಾಕ ಹತ್ಯಾರ್ರಿ, ಚಾ ಇನ್ನೊಮ್ಮಿ" ಎಂದು ಕಿಟಕಿಯಿಂದ ಕೈ ಎತ್ತಿದ. ಸುಂಕಮ್ಮ ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಕಾರು ತಿರುವಿನಲ್ಲಿತ್ತು. ಭೀಮರಾಜ ಒಂದು ಹೆಜ್ಜೆ ಇಟ್ಟಿದ್ದ. ಕೂಗಲು ಬಾಯಿ ತೆರೆದಿದ್ದನೆಂದೇ ಅವನ ನೆನಪು. ಲೋಟ ಅವನ ಕೈಗೆ ಬಂತು.

ನಾಲ್ಕು ಗಂಟೆಗೆ ಬೂತಿಗೆ ಫೋನು ಬಂತು. ಕೋಗಳಿಯ ಹತ್ತಿರ ಗಾಡಿ ನಿಂತಿತ್ತು. ನೀಲಿ ಹೊಗೆ, ಎಣ್ಣೆಯ ವಾಸನೆ, ಎಳೆಯುವ ಶಕ್ತಿ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು.

ಮಾರನೆಯ ದಿನ ಇಂಜಿನ್ನಿನ ಹೆಡ್ ಬಿಚ್ಚಿದಾಗ ಎಲ್ಲರೂ ಇದ್ದರು. ಮೂರನೆಯ ಪಿಸ್ಟನ್ನಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ತಲೆಯ ಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿ. ಓದಲು ಬರುವವನಿಗೆ ಅಲ್ಲಿ ಎಲ್ಲವೂ ಬರೆದಿತ್ತು. ಓದಲು ಬರುವವರು ಅಲ್ಲಿ ಇಬ್ಬರಿದ್ದರು.

"ಇದು ನಾಕ್ ತಿಂದದ್ದು" ಎಂದ ದುರುಗಪ್ಪ ಮೆಲ್ಲಗೆ. ಭೀಮರಾಜನ ಕಡೆ ನೋಡಲಿಲ್ಲ. "ನನ್ನ ಕೈಲಿಂದ ಏನರ ತಪ್ಪಾತೇನ್ರಿ ಸರ? ಬೋಲ್ಟು ಬಿಗಿಯುವಾಗ ಗೆರಿ ಸರೀತೇನು?"

ಗೆರೆ ಸರಿದಿರಲಿಲ್ಲ. ಅದನ್ನು ಇಬ್ಬರೂ ನೋಡಿದರು. ಆಗ ಹುಲುಗೇಶನೇ ಬಾಯಿ ಹಾಕಿದ.

"ದಾರ್ಯಾಗ ಒಂದು ಬಂಕಿನಾಗ ಪೆಟ್ರೋಲ್ ಹಾಕಿಸಿದ್ದೆ. ಅದನ್ನ ಹಾಕಿಸಿದ ಮ್ಯಾಲ ಹಿಂಗ ಆಗಿದ್ದು. ಅದರಾಗ ಸೀಮಿಎಣ್ಣಿ ಇತ್ತೇನೋ, ಹೌದಿಲ್ರಿ ಸರ?"

ಎಲ್ಲರ ಮುಖವೂ ಭೀಮರಾಜನ ಕಡೆ ತಿರುಗಿತು. ಸೀಮೆಎಣ್ಣೆ ಬೆರೆತರೆ ನಾಕ್ ಬರುತ್ತದೆ ಎಂಬುದು ಶಾಸ್ತ್ರಕ್ಕೆ ವಿರುದ್ಧವಾದದ್ದೇನಲ್ಲ. ಅವನು ವಿಜ್ಞಾನದ ವಿದ್ಯಾರ್ಥಿ ಆಡಬಹುದಾದ ಅತ್ಯಂತ ಎಚ್ಚರದ ಮಾತು ಆಡಿದ.

"ಇರಬಹುದು" ಎಂದ.

ಅಷ್ಟೇ ಸಾಕಾಯಿತು. ಹತ್ತು ನಿಮಿಷದಲ್ಲಿ ಆ 'ಇರಬಹುದು' ಹರಪನಹಳ್ಳಿ ರಸ್ತೆಯಲ್ಲಿ 'ಸರ ಹೇಳ್ಯಾರ' ಆಯಿತು. ಯಾರೂ ಹೆಸರು ಹಿಡಿದು ಹೇಳದ ಆ ಬಂಕನ್ನು ಒಬ್ಬೊಬ್ಬರು ಒಂದೊಂದು ಊರಿನಲ್ಲಿಟ್ಟು ಬೈದರು.

ಜನ ಕರಗಿದ ಮೇಲೆ ದುರುಗಪ್ಪ ಪಿಸ್ಟನ್ನನ್ನು ಬಟ್ಟೆಯಿಂದ ಒರೆಸುತ್ತ ಕೇಳಿದ. "ಹಂಗಾರ ನಾಕ್ ಬಂದದ್ದು ಪೆಟ್ರೋಲ್ ಹಾಕಿಸಿದ ಮ್ಯಾಲ."

"ಹೂಂ."

"ಅದಕ್ಕೂ ಮದಲ ನನಗ ಏರಿನ್ಯಾಗ ಕೇಳಿಸಿದ್ದು?"

ಈ ಹೊತ್ತು ಅಲ್ಲಿ ಯಾರೂ ಇರಲಿಲ್ಲ. ಸುಂಕಮ್ಮ ಕೂಡ ಅಂಗಡಿಯೊಳಗೆ ಎಣ್ಣೆ ಕಾಯಿಸುತ್ತಿದ್ದಳು. ಇಬ್ಬರಲ್ಲೇ ಮುಗಿಯುವ ಮಾತಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುವುದಿಲ್ಲ ಎಂದು ಭೀಮರಾಜನಿಗೆ ಸ್ಪಷ್ಟವಾಗಿ ತೋರಿತು. ತೋರಿದ್ದರಿಂದಲೇ ಅವನು ಹೆದರಿದ.

"ಅದು ಟರ್ಬೊದ್ದು ಅಂತ ಹೇಳಿದ್ನಲ್ಲ ಮಾವ."

ದುರುಗಪ್ಪ ಪಿಸ್ಟನ್ನನ್ನು ಹಲಗೆಯ ಮೇಲಿಟ್ಟ. "ನಾಕೂ ಮುಚ್ಚಳದ ಸದ್ದೂ ಒಂದಾ ಥರ ಕೇಳಿಸಿದುವು ನನಗ" ಎಂದ. "ಹೊಸಾ ಗಾಡಿ. ತಿಳಿಯಂಗಿಲ್ಲ."

ಇಂಜಿನ್ ಮತ್ತೆ ಕಟ್ಟಿದ ದಿನ ಟೈಮಿಂಗನ್ನು ಹಿಂದಕ್ಕೆ ಹಾಕಿಸಿದವನು ಭೀಮರಾಜನೇ. ಹಿಂದಿನ ಜಾಗಕ್ಕೆ ನಾಲ್ಕು, ಅಲ್ಲಿಂದ ಇನ್ನೂ ನಾಲ್ಕು. ಕೆಟ್ಟ ಪೆಟ್ರೋಲ್ ಬಿದ್ದರೂ ತಡೆದುಕೊಳ್ಳಲಿ ಎಂದು ಕಾರಣ ಕೊಟ್ಟ. ಏರಿನಲ್ಲಿ ಶಿಳ್ಳೆ ಎದ್ದಿತು, ಗಜ್ಜುಗ ಏಳಲಿಲ್ಲ. ಗಾಳಿ ಬಿಡುವ ಮುಚ್ಚಳ ಈಗ ಯಾಕೆ ಬಡಿದುಕೊಳ್ಳುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವನು ಈಗ ತನ್ನ ಕಿವಿಯನ್ನೇ ನಂಬುತ್ತಿರಲಿಲ್ಲ. ಎಂಥಾ ಪೆಟ್ರೋಲ್ ಹಾಕಿದರೂ ಓಡುವಂತೆ ಸರ ಗಾಡಿ ಕಟ್ಟಿಕೊಟ್ಟರೆಂದು ಹುಲುಗೇಶ ಹಡಗಲಿಯವರೆಗೂ ಸುದ್ದಿ ಮಾಡಿದ. ಮೊದಲನೆಯ ತಪ್ಪಿಗೆ ಬಂದ ಹೊಗಳಿಕೆಗಿಂತ ಅದನ್ನು ಅಡಗಿಸಿದ್ದಕ್ಕೆ ಬಂದದ್ದು ದೊಡ್ಡದಿತ್ತು.

ಆಮೇಲೆ ದುರುಗಪ್ಪ ಯಾವ ಗಾಡಿಯ ಟೈಮಿಂಗೂ ತಾನೇ ಮುಟ್ಟಲಿಲ್ಲ. ಜೀಪು ಬಂದರೂ, ತಾನೇ ಇಪ್ಪತ್ತು ಸಲ ಕಟ್ಟಿದ್ದ ಅಂಬಾಸಡರು ಬಂದರೂ, "ಸಂಜಿಕ ಸರ ಬರ್ತಾರ, ಇಟ್ಟು ಹೋಗ್ರಿ" ಅನ್ನುತ್ತಿದ್ದ. ಭೀಮರಾಜ ದಾವಣಗೆರೆಯಿಂದ, ಕಿಡಿ ಹತ್ತಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ತಂದ. ಅದನ್ನು ಪುಲ್ಲಿಯ ಗುರುತಿಗೆ ಹಿಡಿದು ಅವನು ಡಿಗ್ರಿ ಹೇಳಿದರೆ, ದುರುಗಪ್ಪ ಬೋಲ್ಟು ಸಡಿಲಿಸುವುದು, ಬಿಗಿಯುವುದು. ಹೇಳುವಾಗ ಭೀಮರಾಜ 'ಮುಂದ', 'ಹಿಂದ' ಎಂಬ ಪದಗಳನ್ನು ಬಿಟ್ಟಿದ್ದ. 'ಬೇಗ', 'ತಡ' ಅನ್ನುತ್ತಿದ್ದ. ಯಾಕೆಂದು ದುರುಗಪ್ಪ ಕೇಳಲಿಲ್ಲ; ಓದಿದವರ ಭಾಷೆ ಇರಬೇಕೆಂದು ತಾನೂ ಹಾಗೆಯೇ ರೂಢಿ ಮಾಡಿಕೊಂಡ.

"ಮದಲ ಇವ್ರು ಉಣ್ಣಾಕ ಕುಂತ್ರ ರಸ್ತ್ಯಾಗ ಹೋಗೋ ಗಾಡಿ ಯಾರದು, ಅದಕ್ಕೇನು ರೋಗ ಅಂತ ಹೇಳತಿದ್ರು" ಎಂದಳು ಸುಂಕಮ್ಮ ಒಂದು ಸಂಜೆ, ಮಿರ್ಚಿ ಕಟ್ಟಿಕೊಡುತ್ತ. "ಈಗ ನನ್ನ ಕೇಳ್ತಾರ್ರಿ ಸರ, ನಿನಗೇನು ಕೇಳಿಸ್ತು ಅಂತ. ನಾ ಮಿರ್ಚಿ ಕರಿಯಾಕಿ, ನನಗೇನು ಕೇಳಿಸಬೇಕು. ಎಣ್ಣಿ ಕಾದದ್ದು ಕೇಳಿಸ್ತದ."

"ವಯಸ್ಸಾತಲ್ಲ ಸುಂಕಕ್ಕ" ಎಂದ ಭೀಮರಾಜ.

"ಐವತ್ತಾರಕ್ಕ ಕಿವಿ ಹೋಗ್ತಾವೇನ್ರಿ? ನಾ ಒಳಗ ಬೈದದ್ದು ಹೊರಗ ಕೇಳ್ತಾವ ಆ ಕಿವಿಗೆ."

ಎರಡು ವರ್ಷ ಹೀಗೆ ಹೋಯಿತು. ಭೀಮರಾಜನಿಗೆ ಹರಪನಹಳ್ಳಿಯಲ್ಲಿ ಕಾಯಂ ನೌಕರಿ ಆಯಿತು. ಹೊರಡುವ ವಾರ ಗ್ಯಾರೇಜಿಗೆ ಹೋದಾಗ ಚಿಗಟೇರಿಯ ಒಬ್ಬರ ಹಳೇ ಜಿಪ್ಸಿ ನಿಂತಿತ್ತು. ದುರುಗಪ್ಪ ಅದನ್ನು ಓಡಿಸಿ ನೋಡೋಣವೆಂದ. ಇಬ್ಬರೇ ಹೋದರು. ಅದೇ ಏರು ಹತ್ತುವಾಗ ಸದ್ದು ಬಂತು. ಯಾವ ಟರ್ಬೊವೂ ಇಲ್ಲದ ಗಾಡಿ, ಶಿಳ್ಳೆಯ ಅಡ್ಡಿಯೂ ಇಲ್ಲ, ಕಿವುಡನಿಗೂ ಕೇಳಿಸುವಂಥ ಸದ್ದು.

ದುರುಗಪ್ಪ ಓಡಿಸುತ್ತಲೇ ಭೀಮರಾಜನ ಮುಖ ನೋಡಿದ, ಅಲ್ಲಿ ಏನಾದರೂ ಕಾಣುತ್ತದೇನೋ ಎಂಬಂತೆ.

"ಹೊಡಿತೈತೇನ್ರಿ ಸರ?"

"ಹೊಡಿತೈತಿ ಮಾವ."

"ನನಗೂ ಹಂಗ ಅನಿಸ್ತು" ಎಂದ ದುರುಗಪ್ಪ. "ಆದ್ರ ನೀವು ಅಂದ ಮ್ಯಾಲ ಅನಿಸ್ತೋ, ಮದಲ ಅನಿಸ್ತೋ ಗೊತ್ತಿಲ್ಲ."

ಏರು ಮುಗಿದು ಗಾಡಿ ತಿರುಗಿಸಿಕೊಂಡು ಬಂದರು. ಭೀಮರಾಜ ಲೈಟ್ ಹಿಡಿದು ಟೈಮಿಂಗ್ ಹೇಳಿದ, ದುರುಗಪ್ಪ ಬೋಲ್ಟು ಬಿಗಿದ. ಹೋಗುವಾಗ ಲೈಟನ್ನು ಅವನಿಗೇ ಕೊಟ್ಟು, ಗುರುತು ನೋಡುವುದನ್ನು ಎರಡು ಸಲ ತೋರಿಸಿಕೊಟ್ಟ. ಇನ್ನು ಮುಂದೆ ಕಿವಿ ಬೇಕಿಲ್ಲ ಮಾವ, ಕಣ್ಣಿದ್ದರೆ ಸಾಕು ಎಂದು ಹೇಳಿದ. ಆ ದಿನ ಹುಲುಗೇಶನ ಕಾರಿನಲ್ಲಿ ನಿನಗೆ ಕೇಳಿಸಿದ್ದು ನಾಕೇ, ನಿನ್ನ ಕಿವಿ ಸರಿಯಾಗಿತ್ತು ಎಂದು ಅವನು ದುರುಗಪ್ಪನಿಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.